ಓದುವಾಗ ಹೆಲ್ಮೆಟ್, ಓಡಿಸುವಾಗ ಬರಿತಲೆ

ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕೈದು ಸಾಲಿನ ಒಂದು ಸುದ್ದಿ ಆಗಾಗ ಬರುತ್ತದೆ. ಲಾರಿಯೋ ಟ್ರ್ಯಾಕ್ಟರೋ ಡಿಕ್ಕಿ ಹೊಡೆದು ಸೈಕಲ್ ಸವಾರನೊಬ್ಬ ಸ್ಥಳದಲ್ಲೇ ಮೃತಪಟ್ಟಿದ್ದಾನೆ, ಸಂಚಾರ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಅಷ್ಟೇ. ಈ ಸುದ್ದಿಯನ್ನು ನಾವು ಹೇಗೆ ಓದುತ್ತೇವೆ ಎಂಬುದನ್ನು ಒಮ್ಮೆ ಗಮನಿಸಿ ನೋಡಬೇಕು. ಮೊದಲು ಊರಿನ ಹೆಸರು ನೋಡುತ್ತೇವೆ. ನಮ್ಮ ಓಣಿಯಲ್ಲ. ಆಮೇಲೆ ಹೊತ್ತು ನೋಡುತ್ತೇವೆ. ರಾತ್ರಿ ಹನ್ನೊಂದು ಗಂಟೆಯಂತೆ, ಅಷ್ಟು ಹೊತ್ತಿನಲ್ಲಿ ಅವನಿಗೆ ಅಲ್ಲೇನು ಕೆಲಸವಿತ್ತು? ಕುಡಿದಿದ್ದನೇನೋ. ರಸ್ತೆಯ ನಡುವೆ ಬಂದನೇನೋ. ತಲೆಗೆ ಹೆಲ್ಮೆಟ್ ಇರಲಿಲ್ಲವೇನೋ. ಇಂಥದೊಂದು ಕಾರಣ ಸಿಕ್ಕ ಕೂಡಲೇ ಮನಸ್ಸು ಹಗುರವಾಗುತ್ತದೆ, ಪುಟ ತಿರುಗಿಸುತ್ತೇವೆ. ವಾಸ್ತವದಲ್ಲಿ ನಾವು ಹುಡುಕುತ್ತಿದ್ದದ್ದು ಅವನು ಏಕೆ ಸತ್ತ ಎಂಬುದನ್ನಲ್ಲ, ನಾವು ಹಾಗೆ ಏಕೆ ಸಾಯುವುದಿಲ್ಲ ಎಂಬುದನ್ನು.

ಓದು ಮನುಷ್ಯನನ್ನು ಬದಲಿಸುತ್ತದೆ ಎಂದು ಶಾಲೆಯಲ್ಲಿ ಕಲಿತವರು ನಾವು. ಓದಿಯೂ ಬದಲಾಗದಿರುವ ಕಲೆಯನ್ನು ನಾವು ಯಾರಿಂದ ಕಲಿತೆವು? ಸೈಕಲ್ ಮತ್ತು ಹೆಲ್ಮೆಟ್ಟಿನ ನೆಪದಲ್ಲಿ ಈ ಪ್ರಶ್ನೆಯನ್ನು ವಿಚಾರಿಸಿ ನೋಡೋಣ.

ನಾವು ಕಲಬುರಗಿಯ ಖೂಬಾ ಪ್ಲಾಟಿನವರು. ಊರ ತುಂಬ ಮೋಟರ್‌ಸೈಕಲ್, ಕಾರು ತುಂಬಿಕೊಂಡರೂ ಇಲ್ಲಿ ಸೈಕಲ್ ಇನ್ನೂ ಸತ್ತಿಲ್ಲ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗರು, ಊಟದ ಡಬ್ಬಿ ಕಟ್ಟಿಕೊಂಡು ಗೌಂಡಿ ಕೆಲಸಕ್ಕೆ ಹೊರಟವರು, ಬೆನ್ನಿಗೆ ಭಾರದ ಚೀಲ ಹಾಕಿಕೊಂಡು ಟ್ಯೂಷನ್ನಿಗೆ ಹೋಗುವ ಮಕ್ಕಳು, ಇವರ ನಡುವೆ ಕ್ಯಾರಿಯರಿಗೆ ಎರಡು ಪುಸ್ತಕ ಸಿಕ್ಕಿಸಿಕೊಂಡು ಹೋಗುವ ನಮ್ಮಂಥ ಓದಿನ ಚಟದವರು ಕೆಲವರು. ಇಷ್ಟು ಜನರಲ್ಲಿ ಹೆಲ್ಮೆಟ್ ಹಾಕಿದ ಒಂದು ತಲೆ ಕಾಣುವುದು ಅಪರೂಪ. ಯಾಕೆ ಎಂದು ಕೇಳಿದರೆ ಕಾರಣಗಳಿಗೆ ಬರವಿಲ್ಲ. ಮೊದಲನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಹಾಕಬೇಕೆಂದು ಹೇಳುವುದು ಮೋಟರ್‌ಸೈಕಲ್ ಸವಾರನಿಗೆ. ಸೈಕಲಿನವನನ್ನು ಯಾವ ಪೊಲೀಸರೂ ನಿಲ್ಲಿಸುವುದಿಲ್ಲ. ಎರಡನೆಯದು ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ತಲೆಗೆ ಒದ್ದೆ ಟವೆಲ್ ಸುತ್ತಿಕೊಳ್ಳಬೇಕೆನಿಸುತ್ತದೆಯೇ ಹೊರತು ಹೆಲ್ಮೆಟ್ ಹಾಕಬೇಕೆನಿಸುವುದಿಲ್ಲ. ಮೂರನೆಯದು, 'ಇಲ್ಲೇ ಸೂಪರ್ ಮಾರ್ಕೆಟ್‌ತನಕ ಹೋಗಿ ಬರೋದದ' ಎಂಬ ಸಮಾಧಾನ. ಕೊನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು: 'ಹಣ್ಯಾಗ ಬರದದ್ದು ಯಾರಿಗಿ ತಪ್ಪತದ್ರಿ?'

ಬಿಸಿಲಿನ ಕಾರಣವನ್ನು ನಾವು ಗೌರವಿಸುತ್ತೇವೆ. ದೂರದ ಕಾರಣಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಹತ್ತಿರಹತ್ತಿರ 20 ಕಿಲೋಮೀಟರ್ ಆಗಿರುತ್ತದೆ. ಸೈಕಲ್ ಮೇಲೆ ಕುಳಿತವನ ತಲೆ ಇರುವುದು ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಅಂದರೆ ನಿಂತ ಸೈಕಲಿನಿಂದ ಪಕ್ಕಕ್ಕೆ ಉರುಳಿ ತಲೆ ಕಲ್ಲಿಗೆ ಬಡಿದರೂ ಸಾಕು. ಅಲ್ಲಿ ಊರು ದೂರವೋ ಹತ್ತಿರವೋ ಎಂಬ ಪ್ರಶ್ನೆ ಇಲ್ಲ. ಹೆಲ್ಮೆಟ್ಟಿನ ಒಳಗಿನ ತರ್ಮೋಕೋಲಿನಂಥ ಪದರ ಮಾಡುವ ಕೆಲಸವೂ ಸರಳವಾದದ್ದು. ತಾನು ಜಜ್ಜಿಹೋಗಿ, ತಲೆ ನಿಲ್ಲುವುದಕ್ಕೆ ಒಂದು ಕ್ಷಣದ ಸಣ್ಣ ಪಾಲು ಹೆಚ್ಚು ಸಮಯ ಕೊಡುತ್ತದೆ. ಆ ಸಣ್ಣ ಪಾಲಿನಲ್ಲಿ ಒಂದು ಜೀವ ಉಳಿಯುತ್ತದೆ. 64 ಸಾವಿರಕ್ಕೂ ಹೆಚ್ಚು ಗಾಯಾಳು ಸೈಕಲ್ ಸವಾರರ ಬಗ್ಗೆ ಬೇರೆಬೇರೆ ದೇಶಗಳಲ್ಲಿ ನಡೆದ ನಲವತ್ತು ಅಧ್ಯಯನಗಳನ್ನು 2016ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಹೆಲ್ಮೆಟ್ ಹಾಕಿದವರಿಗೆ ತಲೆಗೆ ಗಂಭೀರ ಪೆಟ್ಟಾಗುವ ಸಂಭವ ಮೂರರಲ್ಲಿ ಎರಡು ಪಾಲಿನಷ್ಟು ಕಡಿಮೆ ಎಂದು ಕಂಡುಬಂತು.

ಹಣೆಬರಹದ ಮಾತಿಗೆ ಮಾತ್ರ ಲೆಕ್ಕದಿಂದ ಉತ್ತರ ಕೊಡಲಾಗದು. ಅದನ್ನು ವಿಚಾರದಿಂದಲೇ ನೋಡಬೇಕು. ಹಣೆಬರಹ ಎಂಬ ಶಬ್ದದಲ್ಲೇ ಬರಹವಿದೆ. ಆದರೆ ಅದು ಬರೆಸಿಕೊಂಡವನು ಓದಲಾಗದ ಬರಹ. ಓದಲಾಗದ ಬರಹದ ಮೇಲೆ ನಂಬಿಕೆ ಇರುವವನು ಎಚ್ಚರವಾಗಿರಬೇಕೇ ಹೊರತು ನಿಶ್ಚಿಂತನಾಗಿರಬಾರದು. 'ನನಗೇನೂ ಆಗುವುದಿಲ್ಲ' ಎನ್ನುವವನು ವಿಧಿಯನ್ನು ನಂಬಿದವನಲ್ಲ, ವಿಧಿಯನ್ನು ಓದಿ ಮುಗಿಸಿದ್ದೇನೆ ಎಂದು ಹೇಳಿಕೊಳ್ಳುವವನು. ಅಲ್ಲದೆ ನಮ್ಮ ವಿಧಿ ಬಹಳ ಅನುಕೂಲಸ್ಥ ವಿಧಿ. ರಾತ್ರಿ ಮನೆಗೆ ಬೀಗ ಹಾಕುವಾಗ, ಬ್ಯಾಂಕಿನಲ್ಲಿ ಹಣ ಇಡುವಾಗ ಅದು ನೆನಪಿಗೆ ಬರುವುದಿಲ್ಲ. ಒಂಟೆಯನ್ನು ಕಟ್ಟಿ ದೇವರ ಮೇಲೆ ಭರವಸೆ ಇಡಲೇ, ಕಟ್ಟದೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿಯವರು ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂದ ಪ್ರಸಂಗ ಮುಸ್ಲಿಮ್ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಗೊತ್ತಿರುವುದಕ್ಕೂ ಕಟ್ಟುವುದಕ್ಕೂ ನಡುವೆ ಇರುವ ಅಂತರವೇ ನಮ್ಮ ಇಂದಿನ ವಿಷಯ.

'ನನ್ನ ತಲೆ, ನನ್ನಿಷ್ಟ' ಎನ್ನುವವರೂ ಇದ್ದಾರೆ. ಇದು ಹಗುರವಾದ ಮಾತಲ್ಲ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ವಾದಿಸಿದ್ದೂ ಇದನ್ನೇ: ಇತರರಿಗೆ ಕೇಡಾಗದಿದ್ದರೆ ತನ್ನ ದೇಹದ ಮೇಲೆ ಮನುಷ್ಯನೇ ಒಡೆಯ. ಆದರೆ ತಲೆಗೆ ಪೆಟ್ಟಾಗಿ ಮಾತು ನಿಂತ ಒಬ್ಬ ದುಡಿಯುವ ಮನುಷ್ಯನ ಮನೆಯನ್ನು ನೋಡಿದವರಿಗೆ ಗೊತ್ತು, ಆ ತಲೆ ಎಷ್ಟು ಜನರದಾಗಿತ್ತು ಎಂದು. ಊಟ ಮಾಡಿಸುವ ಹೆಂಡತಿ, ಶಾಲೆ ಬಿಟ್ಟ ಮಗಳು, ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಕೂಲಿಗೆ ಹೊರಟ ಅಪ್ಪ. ದೇಹ ನಮ್ಮ ಬಳಿ ಇಟ್ಟ ಅಮಾನತ್ತು ಎಂದು ಹಿರಿಯರು ಹೇಳುತ್ತಿದ್ದದ್ದು ಬರೀ ಪರಲೋಕದ ಮಾತಲ್ಲ.

ಇನ್ನು ಓದಿನ ಕಡೆಗೆ ಬರೋಣ. ಹೆಲ್ಮೆಟ್ಟಿನ ಕೆಲಸ ಹೊರಗಿನ ಪೆಟ್ಟು ಒಳಗೆ ತಲುಪದಂತೆ ನೋಡಿಕೊಳ್ಳುವುದು. ಬೀದಿಯಲ್ಲಿ ಬರಿತಲೆಯಲ್ಲಿ ಓಡಾಡುವ ನಾವು ಈ ರಕ್ಷಣೆಯನ್ನು ಓದುವಾಗ ಬಹಳ ಜೋಪಾನವಾಗಿ ಬಳಸುತ್ತೇವೆ. ನಮಗೆ ಒಪ್ಪಿಗೆಯಾಗುವ ಪತ್ರಿಕೆಯನ್ನೇ ತರಿಸುತ್ತೇವೆ. ಲೇಖಕನ ಹೆಸರು ನೋಡಿ, ಜಾತಿ ಧರ್ಮ ಅಂದಾಜು ಮಾಡಿ, ಅವನು ಏನು ಹೇಳಬಹುದೆಂದು ತೀರ್ಮಾನಿಸಿ, ಆಮೇಲೆ ಓದುತ್ತೇವೆ ಅಥವಾ ಓದದೆ ಬಿಡುತ್ತೇವೆ. ನಮ್ಮ ಊರಿನಲ್ಲಿ ಕನ್ನಡ, ಉರ್ದು ಎರಡೂ ಒಂದೇ ಚಹಾದಂಗಡಿಯಲ್ಲಿ ಕೇಳಿಸುತ್ತವೆ. ಆದರೆ ಉರ್ದು ಪತ್ರಿಕೆ ಓದುವ ಮನೆಯಲ್ಲಿ ಕನ್ನಡದ ಕಥೆ ಪುಸ್ತಕ ಎಷ್ಟಿವೆ, ಕನ್ನಡ ಓದುವ ಮನೆಯಲ್ಲಿ ಖ್ವಾಜಾ ಬಂದೇನವಾಜರು ದರ್ಗಾದ ಆಚೆಗೆ ಒಬ್ಬ ಗ್ರಂಥಕರ್ತರೂ ಆಗಿದ್ದರು ಎಂದು ಎಷ್ಟು ಜನ ಬಲ್ಲರು? ಕಿವಿಗೆ ಕೇಳಿಸುವುದನ್ನು ಕಣ್ಣು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇದಕ್ಕೆ ದೊಡ್ಡ ನಿದರ್ಶನ ಬಾನು ಮುಷ್ತಾಕ್ ಅವರದು. ಮಸೀದಿಗಳಲ್ಲಿ ಮಹಿಳೆಯರ ಪ್ರವೇಶದ ಪರವಾಗಿ ಮಾತಾಡಿದ್ದಕ್ಕೆ 2000ದ ಇಸವಿಯಲ್ಲಿ ಅವರು ಸಾಮಾಜಿಕ ಬಹಿಷ್ಕಾರ ಎದುರಿಸಿದರು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಲ್ಲ ಕಡೆ ಅಭಿನಂದನೆಯ ಮಹಾಪೂರ. ಕೆಲವೇ ತಿಂಗಳಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಮತ್ತೊಂದು ದಿಕ್ಕಿನಿಂದ ವಿರೋಧ. ಬಹಿಷ್ಕರಿಸಿದವರು, ಅಭಿನಂದಿಸಿದವರು, ವಿರೋಧಿಸಿದವರು, ಇವರಲ್ಲಿ ಅವರ ಒಂದು ಕಥೆಯನ್ನಾದರೂ ಪೂರ್ತಿ ಓದಿದವರು ಎಷ್ಟು ಮಂದಿ? ಮೂರಕ್ಕೂ ಓದಬೇಕಾದ ಅಗತ್ಯವೇ ಬೀಳುವುದಿಲ್ಲ ಎಂಬುದು ನಮ್ಮ ಕಾಲದ ವಿಪರ್ಯಾಸ.

ಹೀಗೆ ರಕ್ಷಣೆ ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಇದೆ. ಇದು ತಿರುವುಮುರುವಾಗಿದೆ ಎನ್ನುವುದಕ್ಕೆ ನಮ್ಮ ಬಳಿ ಒಂದು ಕಾರಣವಿದೆ. ನಮ್ಮ ತಲೆಮಾರಿನವರು ಸೈಕಲ್ ಕಲಿತದ್ದು ಬಾಡಿಗೆ ಅಂಗಡಿಯಲ್ಲಿ. ತಾಸಿಗೆ ಇಷ್ಟು ಎಂದು ದುಡ್ಡು ಕೊಟ್ಟು, ಸೀಟು ಎಟುಕದಿದ್ದರೂ ಚೌಕಟ್ಟಿನ ನಡುವೆ ಕಾಲು ತೂರಿಸಿ, ಹತ್ತು ಸಲ ಬಿದ್ದು ಕಲಿತೆವು. ಓದು ಕಲಿತದ್ದೂ ಹಾಗೇ, ಗ್ರಂಥಾಲಯದಿಂದ ಎರವಲು ತಂದ, ನಮ್ಮ ವಯಸ್ಸಿಗೆ ಎಟುಕದ ಪುಸ್ತಕಗಳಲ್ಲಿ ಮುಗ್ಗರಿಸುತ್ತ. ಮೊಣಕಾಲಿನ ಗಾಯ ವಾರದಲ್ಲಿ ಒಣಗಿತು. ನಮ್ಮ ನಂಬಿಕೆಗೆ ಪೆಟ್ಟು ಕೊಟ್ಟ ಪುಸ್ತಕದ ಗಾಯವೂ ಒಣಗಿತು. ಒಂದೋ ನಂಬಿಕೆ ತಿದ್ದಿಕೊಂಡಿತು, ಇಲ್ಲವೇ ಉತ್ತರ ಹುಡುಕಿ ಇನ್ನಷ್ಟು ಗಟ್ಟಿಯಾಯಿತು. ವಿಚಾರದ ಪೆಟ್ಟಿಗೆ ಉತ್ತರ ಕೊಡಬಹುದು, ಮರುದಿನ ಮನಸ್ಸು ಬದಲಿಸಬಹುದು, ಪುಸ್ತಕ ಮುಚ್ಚಿಡಬಹುದು. ಮಿದುಳಿಗೆ ಬಿದ್ದ ಪೆಟ್ಟಿಗೆ ಇದಾವುದೂ ನಡೆಯುವುದಿಲ್ಲ. ಸತ್ತ ನರಕೋಶ ಚರ್ಮದಂತೆ ಮತ್ತೆ ಹುಟ್ಟಿಕೊಂಡು ಗಾಯ ತುಂಬುವುದಿಲ್ಲ. ವಾಸಿಯಾಗುವುದನ್ನು ಬಿಚ್ಚಿಡಬೇಕು, ವಾಸಿಯಾಗದ್ದನ್ನು ಮುಚ್ಚಿಡಬೇಕು. ನಾವು ಮಾಡುತ್ತಿರುವುದು ಇದರ ವಿರುದ್ಧ.

ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಮಾತಿನಿಂದಲೂ ತಲೆ ಒಡೆದಿಲ್ಲವೇ? ಒಡೆದಿದೆ, ನಮ್ಮ ಪಕ್ಕದ ಜಿಲ್ಲೆಯಲ್ಲೇ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತೆಂಬಷ್ಟಕ್ಕೆ ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಹಬ್ಬಿ, ಜನ ಸೇರಿ ಹೊಡೆದು ಒಬ್ಬ ಯುವಕನನ್ನು ಕೊಂದರು. ಇಂಥ ಮಾತಿನಿಂದ ಮನಸ್ಸನ್ನು ಕಾಯುವುದು ಬೇಡವೇ? ಖಂಡಿತ ಬೇಕು. ಆದರೆ ಅಲ್ಲಿ ನಡೆದದ್ದು ಓದಲ್ಲ. ಫಾರ್ವರ್ಡ್ ಮಾಡಿದವನು ಆ ಸಂದೇಶವನ್ನು ಓದಿದ್ದರೆ, ಅಂದರೆ ಇದನ್ನು ಬರೆದವರು ಯಾರು, ಯಾವ ಊರಿನದು, ಯಾವ ದಿನದ್ದು ಎಂದು ಕೇಳಿದ್ದರೆ, ಬೆರಳು ಅಲ್ಲೇ ನಿಲ್ಲುತ್ತಿತ್ತು. ತಾನು ಮೊದಲೇ ಭಯಪಟ್ಟಿದ್ದನ್ನೇ ಅದು ಹೇಳಿದ್ದರಿಂದ ಅವನು ಅದನ್ನು ತಡೆಯಲಿಲ್ಲ. ಒಪ್ಪಿಗೆಯಾಗುವುದನ್ನು ಮಾತ್ರ ಒಳಗೆ ಬಿಡುವ ಅಭ್ಯಾಸ ನಮ್ಮನ್ನು ಸುಳ್ಳಿನಿಂದ ಕಾಯುವುದಿಲ್ಲ. ನಮಗೆ ಇಷ್ಟವಾಗುವ ಸುಳ್ಳಿಗೆ ಅದು ಬಾಗಿಲು ತೆರೆದೇ ಇಡುತ್ತದೆ.

ಹಾಗಾದರೆ ಓದು ಕೊಡುವ ವಿಶೇಷ ಲಾಭವೇನು? ಓದದವರೆಲ್ಲ ಅಜ್ಞಾನಿಗಳು ಎಂದು ನಾವು ಹೇಳುವುದಿಲ್ಲ. ಇದೇ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಓದದೆಯೂ ಕಾವ್ಯ ಬಲ್ಲ ಜನರೆಂದು ನಮ್ಮ ಪೂರ್ವಿಕರನ್ನು ಹೊಗಳಿದೆ. ಅಕ್ಷರ ಬಾರದ ಗೌಂಡಿಯೊಬ್ಬ ಸೈಕಲಿನ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿಕೊಂಡು ರಸ್ತೆಯ ಅಂಚಿನಲ್ಲಿ ಹೋಗುವುದನ್ನೂ, ಪದವೀಧರನೊಬ್ಬ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನಡುರಸ್ತೆಯಲ್ಲಿ ಹೋಗುವುದನ್ನೂ ನಾವು ದಿನಾ ಕಾಣುತ್ತೇವೆ. ಆದರೆ ಗೌಂಡಿ ತನ್ನ ಕಣ್ಣಿಗೆ ಬಿದ್ದ ಅಪಘಾತವನ್ನಷ್ಟೇ ಬಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅವರಲ್ಲಿ ಹೆಲ್ಮೆಟ್ ಇಲ್ಲದ ದ್ವಿಚಕ್ರ ವಾಹನದವರೇ 50,029 ಮಂದಿ, ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಹೆಚ್ಚು ಎಂಬುದು ಓದಿದವನಿಗೆ ಮಾತ್ರ ಸಿಗುವ ತಿಳಿವಳಿಕೆ. ಒಂಟಿ ಸಾವುಗಳನ್ನು ಪೋಣಿಸಿ, ಇವು ಬಿಡಿಬಿಡಿ ಹಣೆಬರಹವಲ್ಲ, ಇದಕ್ಕೊಂದು ಸಮಾನ ಕಾರಣವಿದೆ ಎಂದು ತೋರಿಸುವುದೇ ಓದಿನ ಶಕ್ತಿ.

ಹಾಗೆ ಓದಿದ ಒಬ್ಬ ವೈದ್ಯರ ಕಥೆ ಹೇಳಬೇಕು. 1935ರ ಮೇ ತಿಂಗಳಲ್ಲಿ, ಅರಬ್ ದಂಗೆಯ ಕಥನ ಬರೆದು ಹೆಸರಾದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಮೋಟರ್‌ಸೈಕಲ್ ಮೇಲೆ ಹೋಗುವಾಗ ಸೈಕಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಪೆಟ್ಟಾಗಿ ಆರು ದಿನದ ಮೇಲೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಪ್ರಸಿದ್ಧನೊಬ್ಬನ ದುರದೃಷ್ಟ ಎಂದು ಅವರು ಪುಟ ತಿರುಗಿಸಲಿಲ್ಲ. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ 2,279 ಮೋಟರ್‌ಸೈಕಲ್ ಸವಾರರ ಲೆಕ್ಕವನ್ನು ಮುಂದಿಟ್ಟು 1941ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ಕರ್ತವ್ಯದ ಮೇಲಿರುವ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಹಾಗಿದ್ದರೆ ಸೈಕಲಿಗೂ ಹೆಲ್ಮೆಟ್ ಕಡ್ಡಾಯ ಮಾಡಿ ಎಂದು ನಾವು ಒತ್ತಾಯಿಸುತ್ತಿದ್ದೇವೆಯೇ? ಇಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ 1990ರ ಜುಲೈ 1ರಿಂದ ಜಗತ್ತಿನಲ್ಲೇ ಮೊದಲಿಗೆ ಇಂಥ ಕಾನೂನು ಮಾಡಿತು. ತಲೆಗಾಯ ಇಳಿಯಿತು, ಜೊತೆಗೆ ಸೈಕಲ್ ತುಳಿಯುವವರ ಸಂಖ್ಯೆಯೂ, ಅದರಲ್ಲೂ ಹದಿಹರೆಯದವರದು, ಇಳಿಯಿತು. ನಮ್ಮ ರಾಜ್ಯದಲ್ಲಿ 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಬಸ್ಸಿಲ್ಲದ ಹಳ್ಳಿಯ ಹೆಣ್ಣುಮಗಳಿಗೆ ಆ ಸೈಕಲ್ಲೇ ಹೈಸ್ಕೂಲಾಯಿತು. ಹೆಲ್ಮೆಟ್ ಇಲ್ಲವೆಂದು ಅಂಥ ಮಗುವಿಗೆ ದಂಡ ಹಾಕುವ ಕಾನೂನು ತಲೆ ಉಳಿಸುವ ಹೆಸರಿನಲ್ಲಿ ಶಾಲೆ ತಪ್ಪಿಸಬಾರದು.

ಇನ್ನೊಂದು ಅಪಾಯವೂ ಇದೆ. ಹೆಲ್ಮೆಟ್ಟಿನ ಮಾತು ಬಲವಾದಷ್ಟೂ ಹೊಣೆ ಪೆಟ್ಟು ತಿಂದವನ ಮೇಲೆ ಬೀಳುತ್ತದೆ, ಪೆಟ್ಟು ಕೊಟ್ಟವನು ಹಗುರವಾಗುತ್ತಾನೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2006ರಲ್ಲಿ ಸೈಕಲಿಗೆ ಅಳತೆಯ ಉಪಕರಣ ಕಟ್ಟಿಕೊಂಡು ತಾವೇ ರಸ್ತೆಗಿಳಿದರು. ತಾವು ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರ್ ಹೆಚ್ಚು ಹತ್ತಿರದಿಂದ ಹಾದುಹೋದವು ಎಂದರು. ಆ ಲೆಕ್ಕದ ಬಗ್ಗೆ ಮುಂದೆ ತಜ್ಞರಲ್ಲಿ ವಾದವಿವಾದ ನಡೆದದ್ದು ನಿಜ. ಆದರೂ ಅದು ಎತ್ತಿದ ಪ್ರಶ್ನೆ ಉಳಿದಿದೆ: ನನ್ನ ಎಚ್ಚರಿಕೆ ಇನ್ನೊಬ್ಬನ ನಿರ್ಲಕ್ಷ್ಯಕ್ಕೆ ಪರವಾನಗಿ ಆಗಬಹುದೇ? ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಲಾರಿಯ ವೇಗಕ್ಕೆ ಸೈಕಲಿನವನ ಹೆಲ್ಮೆಟ್ ಉತ್ತರವಲ್ಲ. ಅಲ್ಲಿ ಉತ್ತರ ಕೊಡಬೇಕಾದವರು ಲಾರಿ ಓಡಿಸುವವರು, ಅವರನ್ನು ಅವಸರ ಪಡಿಸುವವರು, ಅಂಚಿಲ್ಲದ ರಸ್ತೆ ಮಾಡಿದವರು.

ಈ ಎರಡು ಹೊಣೆಗಳಲ್ಲಿ ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂಬುದಕ್ಕೆ ನೆದರ್‌ಲೆಂಡ್ಸ್ ದೇಶದ ಇತಿಹಾಸ ನೋಡಬೇಕು. ಅಲ್ಲಿ ಬಹುತೇಕರು ಹೆಲ್ಮೆಟ್ ಇಲ್ಲದೆಯೇ ಸೈಕಲ್ ತುಳಿಯುತ್ತಾರೆ ಎಂದು ನಮ್ಮ ಗೆಳೆಯರು ಹೆಮ್ಮೆಯಿಂದ ಉದಾಹರಿಸುತ್ತಾರೆ. ಆದರೆ ಆ ಬರಿತಲೆಗೆ ಅವರು ತೆತ್ತ ಬೆಲೆಯನ್ನು ಹೇಳುವುದಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಸೈಕಲಿನಲ್ಲಿ ಶಾಲೆಗೆ ಹೊರಟಿದ್ದ ಒಬ್ಬ ಪುಟ್ಟ ಹುಡುಗಿಯೂ ಅವರಲ್ಲೊಬ್ಬಳು. ಅವಳ ತಂದೆ ವಿಕ್ ಲಾಂಗೆನ್‌ಹಾಫ್ ಪತ್ರಕರ್ತರು. 1972ರಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹ, ಮಕ್ಕಳ ಕೊಲೆ ನಿಲ್ಲಿಸಿ ಎಂಬ ಅರ್ಥದ ಮೂರು ಶಬ್ದ. ಅಪಘಾತ ಎಂದು ಎಲ್ಲರೂ ಕರೆಯುತ್ತಿದ್ದುದನ್ನು ಅವರು ಕೊಲೆ ಎಂದರು. ಓದಿದವರು 'ಪಾಪ' ಎಂದು ಪುಟ ತಿರುಗಿಸಬಹುದಿತ್ತು. ಬದಲಾಗಿ ತಂದೆತಾಯಂದಿರು ಬೀದಿಗಿಳಿದರು, ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. 1973ರ ತೈಲ ಬಿಕ್ಕಟ್ಟೂ ಜೊತೆಗೂಡಿತು. ಮುಂದಿನ ವರ್ಷಗಳಲ್ಲಿ ಸೈಕಲಿಗೆ ಬೇರೆ ದಾರಿ, ವಸತಿ ಪ್ರದೇಶಗಳಲ್ಲಿ ವಾಹನಗಳ ವೇಗಕ್ಕೆ ಕಡಿವಾಣ ಬಂದವು. ಓದುವಾಗ ಅವರು ತಲೆಯ ಮೇಲಿನ ರಕ್ಷಣೆ ತೆಗೆದಿಟ್ಟದ್ದರಿಂದ ಇಂದು ಅವರ ಮೊಮ್ಮಕ್ಕಳು ಸೈಕಲ್ ಮೇಲೆ ಬರಿತಲೆಯಲ್ಲಿ ಹೋಗಬಲ್ಲರು. ನಾವು ಅವರ ಬರಿತಲೆಯನ್ನು ಅನುಕರಿಸುತ್ತೇವೆ, ಅವರ ಓದನ್ನು ಅನುಕರಿಸುವುದಿಲ್ಲ.

ಹೀಗಿರುವಾಗ ನಾವು ಮಾಡಬಹುದಾದದ್ದೇನು? ಅಂಥ ರಸ್ತೆ ನಮ್ಮಲ್ಲಿ ಆಗುವ ತನಕ ಹೆಲ್ಮೆಟ್ ಹಾಕಿಕೊಳ್ಳುವುದು ವಿವೇಕ. ಗಾಳಿಯಾಡುವ ಹಗುರವಾದ ಸೈಕಲ್ ಹೆಲ್ಮೆಟ್ ಸಿಗುತ್ತದೆ, ಮೋಟರ್‌ಸೈಕಲಿನ ಭಾರದ್ದೇ ಬೇಕೆಂದಿಲ್ಲ. ಕೊಳ್ಳಲಾಗದವನನ್ನು ಹೀಯಾಳಿಸಬೇಕಿಲ್ಲ, ಅವನು ಹೋಗುವ ದಾರಿಯಲ್ಲಿ ನಮ್ಮ ಕಾರು, ನಮ್ಮ ಮೋಟರ್‌ಸೈಕಲ್ ಎರಡು ಮೊಳ ದೂರ ಸರಿದು ಹೋದರೆ ಅದೂ ಅವನಿಗೆ ಹಾಕಿದ ಹೆಲ್ಮೆಟ್ಟೇ. ಶಾಲೆಯ ಮುಂದೆ ವೇಗ ತಗ್ಗಿಸಿ, ರಸ್ತೆಯ ಅಂಚನ್ನು ಪಾರ್ಕಿಂಗಿನಿಂದ ಬಿಡಿಸಿ, ಕೆಟ್ಟ ಬೀದಿದೀಪ ಹಾಕಿಸಿ ಎಂದು ಮಹಾನಗರ ಪಾಲಿಕೆಗೆ ಬರೆಯುವುದು ಓದುಬರಹ ಬಲ್ಲ ನಮ್ಮ ಕೆಲಸ. ಅರ್ಜಿ ಬರೆಯಲು ಬಾರದವನ ಪರವಾಗಿ ಬರೆಯುವುದಕ್ಕಿಂತ ಒಳ್ಳೆಯ ಉಪಯೋಗ ಅಕ್ಷರಕ್ಕೆ ಬೇರೆ ಇಲ್ಲ.

ಓದಿನ ವಿಷಯದಲ್ಲಿ ನಮ್ಮ ಸಲಹೆ ಇನ್ನೂ ಸಣ್ಣದು. ತಿಂಗಳಿಗೆ ಒಂದಾದರೂ ಪುಸ್ತಕ, ನಮಗೆ ಒಪ್ಪಿಗೆಯಾಗದ ಲೇಖಕರದ್ದು, ನಮ್ಮ ಸಮುದಾಯದ ಹೊರಗಿನವರದ್ದು ಓದೋಣ. ಓದುವಾಗ 'ಇದರಲ್ಲಿ ತಪ್ಪೇನಿದೆ' ಎಂದು ಹುಡುಕುವ ಮೊದಲು 'ಇದು ನನಗೆ ಹೇಳಿದ್ದಾದರೆ' ಎಂದು ಒಮ್ಮೆ ಕೇಳಿಕೊಳ್ಳೋಣ. ಆ ಪ್ರಶ್ನೆ ನೋಯಿಸುತ್ತದೆ. ಆದರೆ ಆ ನೋವು ವಾಸಿಯಾಗುವಂಥದ್ದು, ಮತ್ತು ವಾಸಿಯಾಗದ ಎಷ್ಟೋ ನೋವುಗಳನ್ನು ಇನ್ನೊಬ್ಬರ ಮನೆಯ ಬಾಗಿಲಿನಿಂದ ದೂರ ಇಡಬಲ್ಲದ್ದು.